ಹುಲ್ಲು ಕೊಯ್ಯುವ ಪೆಟ್ರೋಲು ಯಂತ್ರ: ಕೊಳ್ಳುವ ಮುನ್ನ

ಭಾದ್ರಪದ ಬಂದಿತೆಂದರೆ ನಮ್ಮ ಪಸ್ತಾಪುರದ ಸುತ್ತಲಿನ ಮಾವಿನ ತೋಪುಗಳಲ್ಲಿ ಹುಲ್ಲು ಮೊಳಕಾಲು ದಾಟಿ ನಿಲ್ಲುತ್ತದೆ. ಬದುಗಳು ಕಾಣುವದಿಲ್ಲ. ಹಾವು ಹುಳದ ಭಯದಿಂದ ಹುಡುಗರು ತೋಪಿಗೆ ಕಾಲಿಡುವದಿಲ್ಲ. ಅದೇ ಹೊತ್ತಿಗೆ ಹೆಸರು ಉದ್ದಿನ ರಾಶಿ, ತೊಗರಿಯ ಕಸ, ಶುಂಠಿಯ ಮಡಿ ಎಲ್ಲವೂ ಕೂಡಿ ಬಂದು, ಕೂಲಿಯ ಆಳು ಸಿಕ್ಕುವದು ದುರ್ಲಭವಾಗುತ್ತದೆ. ಆಗ ಎಲ್ಲರ ಬಾಯಲ್ಲಿಯೂ ಒಂದೇ ಮಾತು: “ಮಾಸ್ತರ್, ಒಂದು ಕಟರ್ ಮಿಷನ್ ತರೋಣಂತ ಮಾಡೀನಿ, ಯಾವದು ತರಲಿ?”

ಶಾಲೆ ಬಿಟ್ಟ ಮೇಲೆ ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿ ಈಗ ಬರೆಯಲು ಕುಳಿತಿದ್ದೇನೆ. ಬರೆಯಲು ಇನ್ನೊಂದು ಕಾರಣವೂ ಉಂಟು. 1956ಕ್ಕೆ ಮೊದಲು ಜಹೀರಾಬಾದ್, ನಾರಾಯಣಖೇಡಗಳು ಬೀದರ ಜಿಲ್ಲೆಯಲ್ಲಿಯೂ, ತಾಂಡೂರು ಕಲಬುರ್ಗಿ ಜಿಲ್ಲೆಯಲ್ಲಿಯೂ ಇದ್ದವು. ಗೆರೆ ಆಚೀಚೆ ಆದರೂ ಮನೆಮಾತು ಕನ್ನಡವೇ ಆಗಿ ಉಳಿದ ಮನೆಗಳು ಬಹಳ. ಆದರೆ ನಾನು ನೋಡಿದ ಯಂತ್ರಗಳ ಕೈಪಿಡಿಗಳಲ್ಲಿ ಒಂದೂ ಕನ್ನಡದಲ್ಲಿ ಇರಲಿಲ್ಲ. ಓದದ ಕೈಪಿಡಿ ಡಬ್ಬಿಯಲ್ಲಿಯೇ ಉಳಿಯುತ್ತದೆ. ಯಂತ್ರ ಮಾತ್ರ ಹೊಲಕ್ಕೆ ಹೋಗುತ್ತದೆ. ಅದರ ಫಲವನ್ನು ನಾನೇ ಉಂಡಿದ್ದೇನೆ.

ಮೊದಲು ಈ ಯಂತ್ರ ಏನೆಂಬುದನ್ನು ತಿಳಿಯೋಣ. ಉದ್ದನೆಯ ಕೊಳವೆ; ಒಂದು ತುದಿಗೆ ಚಿಕ್ಕ ಪೆಟ್ರೋಲು ಇಂಜಿನು, ಇನ್ನೊಂದು ತುದಿಗೆ ತಿರುಗುವ ತಲೆ. ತಲೆಗೆ ನೈಲಾನ್ ದಾರವನ್ನಾದರೂ ಕಟ್ಟಬಹುದು, ಉಕ್ಕಿನ ಅಲಗನ್ನಾದರೂ ಬಿಗಿಯಬಹುದು. ದಾರದಿಂದ ಹುಲ್ಲು ಕೊಯ್ಯುವ ಈ ಉಪಾಯ ಹೊಳೆದದ್ದು ಅಮೇರಿಕದ ಹ್ಯೂಸ್ಟನ್ ನಗರದ ಜಾರ್ಜ್ ಬಲಾಸ್ ಎಂಬವರಿಗೆ, 1971ರಲ್ಲಿ. ಮೋಟಾರು ಗಾಡಿಗಳನ್ನು ತೊಳೆಯುವ ಯಂತ್ರದ ಗರಗರ ತಿರುಗುವ ಕುಂಚಗಳನ್ನು ಕಂಡು, ಹುಲ್ಲಿಗೂ ಹೀಗೆಯೇ ಮಾಡಿದರೆ ಹೇಗೆಂದು ಯೋಚಿಸಿ, ತಗಡಿನ ಡಬ್ಬಿಗೆ ಮೀನು ಹಿಡಿಯುವ ದಾರ ಕಟ್ಟಿ ತಿರುಗಿಸಿ ನೋಡಿದರಂತೆ. ಅವರ ತೊಂದರೆ ಮರದ ಬುಡದ, ಗೋಡೆಯ ಅಂಚಿನ ಹುಲ್ಲು. ಅಂದರೆ ಅಂಗಳದ ಹುಲ್ಲು. ಇದನ್ನು ನೆನಪಿನಲ್ಲಿಡಿರಿ. ಅಂಗಳಕ್ಕೆಂದು ಹುಟ್ಟಿದ ಉಪಕರಣವನ್ನು ನಾವು ಗರಸು ನೆಲದ ಬದುವಿಗೆ ತಂದಿದ್ದೇವೆ.

ನನ್ನ ಮೊದಲ ತಪ್ಪು ಅಂಗಡಿಯಲ್ಲಿಯೇ ಆಯಿತು. ನನಗಿರುವದು ಒಂದು ಎಕರೆ ಮಾವು, 40 ಗಿಡ. ಎರಡು ಎಕರೆ ಮಳೆಯ ಹೊಲ. ಅಂಗಡಿಯವರು “52 ಸಿಸಿ ಅದ ಸಾರ್, ದೊಡ್ಡದೇ ಒಯ್ಯಿರಿ, ಬೆಲೀನೂ ಕಡಿಮೆ” ಎಂದರು. ಎತ್ತು ಕೊಳ್ಳುವಾಗ ಹಲ್ಲು ನೋಡುವ ನಾನು ಅಂದು ಅಂಕಿ ಮಾತ್ರ ನೋಡಿದೆ. ಮನೆಗೆ ತಂದು ಹೆಗಲಿಗೆ ಹಾಕಿದ ಮೇಲೆಯೇ ತೂಕ ತಿಳಿಯಿತು. ಅರ್ಧ ಗಂಟೆಗೆ ಅಂಗೈ ಜುಮ್ಮೆಂದು ಮರುದಿನ ಸುಣ್ಣದ ಕಡ್ಡಿ ಹಿಡಿಯಲು ಬೆರಳು ಬರಲಿಲ್ಲ. ಒಂದು ತಿಂಗಳೊಳಗೆ, ನಾನು ಶಾಲೆಯಲ್ಲಿದ್ದಾಗ, ತಮ್ಮನ ಮಗ ಮೋಟಾರು ಸೈಕಲ್ಲಿನ ಬರೀ ಪೆಟ್ರೋಲನ್ನೇ ಅದಕ್ಕೆ ಸುರಿದು ನಡೆಸಿದ. ಇಂಜಿನು ಕಟ್ಟಿ ನಿಂತುಬಿಟ್ಟಿತು. ರಿಪೇರಿಗೆ ಹೇಳಿದ ಹಣಕ್ಕೆ ಇನ್ನಷ್ಟು ಸೇರಿಸಿದರೆ ಹೊಸದೇ ಬರುತ್ತಿತ್ತು. ಹುಡುಗನದೇನೂ ತಪ್ಪಿಲ್ಲ, ಅವನಿಗೆ ಹೇಳಿದವರಾರು?

ಆದುದರಿಂದ ಇಂಜಿನಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದರಲ್ಲಿ ಎರಡು ಜಾತಿ: ಟೂ ಸ್ಟ್ರೋಕ್ ಮತ್ತು ಫೋರ್ ಸ್ಟ್ರೋಕ್. ಹಳೆಯ ಲೂನಾ, ಚೇತಕ್ ಗಾಡಿಗಳಿಗೆ ಬಂಕಿನಲ್ಲಿ ಪೆಟ್ರೋಲಿನ ಸಂಗಡ ಎಣ್ಣೆ ಬೆರೆಸಿ ಹಾಕಿಸುತ್ತಿದ್ದದ್ದು ಹಿರಿಯರಿಗೆ ನೆನಪಿರಬಹುದು. ಟೂ ಸ್ಟ್ರೋಕ್ ಎಂದರೆ ಅದೇ. ಇಂಜಿನಿನ ಒಳಗಿನ ಭಾಗಗಳಿಗೆ ಜಿಡ್ಡು ಸಿಕ್ಕುವದು ಆ ಬೆರೆಸಿದ ಎಣ್ಣೆಯಿಂದ ಮಾತ್ರ. ಎಣ್ಣೆ ಮರೆತರೆ ಕೆಲವೇ ನಿಮಿಷಗಳಲ್ಲಿ ಕಾದು ಕಚ್ಚಿಕೊಳ್ಳುತ್ತದೆ. ಎಷ್ಟು ಬೆರೆಸಬೇಕೆಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆ. 50ಕ್ಕೆ 1 ಎಂದು ಬರೆದಿದ್ದರೆ ಒಂದು ಲೀಟರು ಪೆಟ್ರೋಲಿಗೆ 20 ಮಿಲಿಲೀಟರು ಎಣ್ಣೆ. 25ಕ್ಕೆ 1 ಎಂದಿದ್ದರೆ 40. ಔಷಧದ ಬಾಟಲಿಯ ಅಳತೆ ಮುಚ್ಚಳವೊಂದನ್ನು ಇದಕ್ಕೆಂದೇ ಇಡಿರಿ. ಕಣ್ಣಂದಾಜು ಬೇಡ. ಎಣ್ಣೆ ಹೆಚ್ಚಾದರೆ ಹೊಗೆ ಕಾರಿ ಪ್ಲಗ್ಗು ಮಸಿ ಹಿಡಿಯುತ್ತದೆ, ಕಡಿಮೆಯಾದರೆ ಇಂಜಿನೇ ಹೋಗುತ್ತದೆ. ಎಣ್ಣೆಯೂ ಟೂ ಸ್ಟ್ರೋಕಿನದೇ ಆಗಬೇಕು. ಟ್ರಾಕ್ಟರಿಗೆ ಹಾಕಿ ಉಳಿದದ್ದು ಆಗಲಾರದು.

ಫೋರ್ ಸ್ಟ್ರೋಕಿನಲ್ಲಿ ಈ ಬೆರಕೆಯ ತಾಪತ್ರಯವಿಲ್ಲ. ಪೆಟ್ರೋಲು ಬೇರೆ, ಎಣ್ಣೆ ಬೇರೆ. 35 ಸಿಸಿಯ ಇಂಜಿನಿಗೆ ಹಿಡಿಯುವ ಎಣ್ಣೆ ಸುಮಾರು 100 ಮಿಲಿಲೀಟರು ಮಾತ್ರ, ಅಂದರೆ ಒಂದು ಚಹದ ಕಪ್ಪಿನಷ್ಟು. ಇಷ್ಟು ಕಡಿಮೆ ಇರುವದರಿಂದಲೇ ಪ್ರತಿದಿನ ಮಟ್ಟ ನೋಡಬೇಕು, ಹೇಳಿದ ಗಂಟೆಗಳಿಗೆ ಬದಲಿಸಬೇಕು. ಹೊಗೆ ಕಡಿಮೆ, ಪೆಟ್ರೋಲು ಕಡಿಮೆ. ತೂಕ ಮತ್ತು ಬೆಲೆ ಸ್ವಲ್ಪ ಹೆಚ್ಚು. ಯಂತ್ರವನ್ನು ಹಿಡಿಯುವ ಕೈಗಳು ಒಂದಕ್ಕಿಂತ ಹೆಚ್ಚು ಇರುವ ಮನೆಗೆ, ಇಂದು ಅಪ್ಪ ನಾಳೆ ಮಗ ಎನ್ನುವಲ್ಲಿಗೆ, ಫೋರ್ ಸ್ಟ್ರೋಕೇ ಸುರಕ್ಷಿತವೆಂದು ನನ್ನ ಅಭಿಪ್ರಾಯ. ಒಬ್ಬನೇ ಹಿಡಿಯುವನು, ಶಿಸ್ತಿನವನು, ಹಗುರ ಬೇಕೆನ್ನುವನು ಆದರೆ ಒಳ್ಳೆಯ ಟೂ ಸ್ಟ್ರೋಕು ಕೆಟ್ಟದ್ದಲ್ಲ. ಸಿಸಿಯ ಮಾತು ಹೇಳುವದಾದರೆ, ಎಳೆಯ ಹುಲ್ಲಿಗೂ ತೋಪಿನ ಸಾಧಾರಣ ಕಸಕ್ಕೂ 25ರಿಂದ 35 ಸಾಕು. ಜಾಲಿಯ ಪೊದೆ, ಹೆಬ್ಬೆರಳು ದಪ್ಪದ ಕಂಟಿ ಕಡಿಯುವವರಿಗೆ 40ರ ಮೇಲಿನದು ಬೇಕಾದೀತು.

ಇನ್ನು ಪೆಟ್ರೋಲಿನ ವಿಷಯದಲ್ಲಿ ಹೊಸ ಕಾಲದ ತೊಡಕೊಂದಿದೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಇರುತ್ತದೆ. ನಮ್ಮ ಕಬ್ಬಿನಿಂದಲೂ ಆಗುವ ವಸ್ತುವೇ ಅದು, ದ್ವೇಷವಿಲ್ಲ. ಆದರೆ ಎಥನಾಲಿಗೆ ಗಾಳಿಯೊಳಗಿನ ನೀರನ್ನು ಹೀರುವ ಗುಣ. ಯಂತ್ರ ಕಾರ್ತಿಕದಲ್ಲಿ ಮೂಲೆ ಸೇರಿ ಆಷಾಢದಲ್ಲಿ ಹೊರಬರುವದು. ಅಷ್ಟು ತಿಂಗಳು ಟ್ಯಾಂಕಿನಲ್ಲಿ ಪೆಟ್ರೋಲು ನಿಂತರೆ ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳು ಅಂಟು ಹಿಡಿಯುತ್ತವೆ, ರಬ್ಬರು ಕೊಳವೆ ಬಿರಿಯುತ್ತದೆ. “ಹೋದ ವರ್ಷ ಚಲೋ ಇತ್ತು, ಈ ವರ್ಷ ಹಗ್ಗ ಎಳೆದು ಎಳೆದು ರಟ್ಟೆ ಬಿತ್ತು” ಎನ್ನುವವರಲ್ಲಿ ಬಹುಮಂದಿಯ ರೋಗ ಇದೇ. ಕೆಲಸ ಮುಗಿದ ದಿನ ಟ್ಯಾಂಕು ಬರಿದು ಮಾಡಿ, ಉಳಿದದ್ದು ಉರಿದು ತಾನೇ ನಿಲ್ಲುವವರೆಗೆ ಇಂಜಿನು ನಡೆಸಿ ಇಡಬೇಕು. ಬೆರೆಸಿದ ಪೆಟ್ರೋಲನ್ನು ತಿಂಗಳಿಗಿಂತ ಹೆಚ್ಚು ಕೂಡಿಡಬಾರದು. ಕೊಳ್ಳುವಾಗಲೂ ಇದು ಯಾವ ಪೆಟ್ರೋಲನ್ನು ತಾಳುತ್ತದೆಂದು ಕೇಳಿರಿ.

ಯಂತ್ರವನ್ನು ಹೊರುವ ಬಗೆಯೂ ಎರಡು. ಹೆಗಲಪಟ್ಟಿಗೆ ತೂಗುಹಾಕಿ ಪಕ್ಕದಲ್ಲಿ ಹಿಡಿಯುವದು ಒಂದು; ಇಂಜಿನನ್ನು ಬೆನ್ನಿಗೆ ಚೀಲದಂತೆ ಕಟ್ಟಿ, ಬಾಗುವ ಕೊಳವೆಯಿಂದ ನಡೆಸುವದು ಇನ್ನೊಂದು. ಬದುವಿನ ಇಳಿಜಾರಿನಲ್ಲಿ ಬೆನ್ನಿನದು ಅನುಕೂಲ, ಆದರೆ ಆ ಬಾಗುವ ಕೊಳವೆಯೊಳಗಿನ ತಂತಿಗೆ ಕಾಲಕಾಲಕ್ಕೆ ಗ್ರೀಸು ಬೇಕು, ತಪ್ಪಿದರೆ ಅದೇ ಮೊದಲು ತುಂಡಾಗುವದು. ಸಮನೆಲದ ತೋಪಿಗೆ ಪಕ್ಕದ್ದೇ ಸಾಕು, ಗಟ್ಟಿಯೂ ಹೌದು. ಯಾವದೇ ಆಗಲಿ, ಪಟ್ಟಿಯನ್ನು ಒಂದೇ ಎಳೆತಕ್ಕೆ ಬಿಡಿಸಿಕೊಳ್ಳುವ ಕೊಂಡಿ ಇದೆಯೇ ನೋಡಿರಿ. ಜೇನು ಎದ್ದಾಗ, ಬೆಂಕಿ ಹತ್ತಿದಾಗ ಗಂಟು ಬಿಚ್ಚುತ್ತ ನಿಲ್ಲಲು ಸಮಯವಿರುವದಿಲ್ಲ.

ಈಗ ತಲೆಯ ಮಾತು. ಅದೇ ಮುಖ್ಯ, ಮತ್ತು ಅಂಗಡಿಯಲ್ಲಿ ಅದನ್ನೇ ಯಾರೂ ಕೇಳುವದಿಲ್ಲ.

ನೈಲಾನ್ ದಾರ ಎಳೆಯ ಹುಲ್ಲಿಗೆ, ಕಲ್ಲಿನ ಗೋಡೆಯ ಬುಡಕ್ಕೆ, ಮನೆಯ ಹಿತ್ತಲಿಗೆ. ಕಲ್ಲಿಗೆ ತಾಗಿದರೆ ದಾರ ಸವೆಯುತ್ತದೆ, ಅಲಗಿನಂತೆ ಮುರಿಯುವದಿಲ್ಲ. ಆದರೆ ದಾರ ಹುಲ್ಲನ್ನು ಕೊಯ್ಯುವದಿಲ್ಲ, ಬಡಿದು ಚಿಂದಿ ಮಾಡುತ್ತದೆ. ಆ ಚಿಂದಿಯಲ್ಲಿ ಮಣ್ಣೂ ನೈಲಾನಿನ ಚೂರುಗಳೂ ಕೂಡಿರುತ್ತವೆ. ದನಗಳಿಗೆ ಹಾಕಲೇಬಾರದು. ನಮ್ಮ ತೋಪಿಗೆ ಮೇವಿಗೆಂದು ಬರುವ ಮುದುಕಿಯೊಬ್ಬಳು ಮೊದಲ ದಿನವೇ ಇದನ್ನು ಕಂಡು, “ಮಾಸ್ತರ್, ನಾ ಕುಡಗೋಲಿಲೆ ಕೊಯ್ದರೆ ಎಮ್ಮಿಗಿ ಒಂದು ಹೊರಿ ಆಗ್ತದ. ನಿಮ್ಮ ಮಿಷನ್ ಕೊಯ್ದದ್ದು ಯಾರಿಗಿ?” ಎಂದಳು. ಉತ್ತರ ಹೊಳೆಯದೆ ಇಂಜಿನು ಬಂದು ಮಾಡಿದೆ.

ಉಕ್ಕಿನ ಅಲಗಿನಲ್ಲಿ ಎರಡು ಮೂರು ಹಲ್ಲಿನದು ಒರಟು ಹುಲ್ಲಿಗೆ. ಗರಗಸದಂತೆ ಬಹಳ ಹಲ್ಲಿನ ದುಂಡಲಗು ಕಂಟಿಗೆ. ಮೇವಿಗಾಗಿ ಕೊಯ್ಯುವದಾದರೆ ಅಲಗೇ ಸರಿ. ಹುಲ್ಲು ಬುಡದಲ್ಲಿ ತುಂಡಾಗಿ ಒಂದು ಕಡೆಗೆ ಬೀಳುತ್ತದೆ. ಆದರೆ ನಮ್ಮ ನೆಲದ ಗುಣ ನೋಡಿರಿ. ಜಹೀರಾಬಾದಿನ ಸುತ್ತ ಕೆಂಪು ಗರಸು. ತಾಂಡೂರಿನ ಕಡೆ ಎಲ್ಲಿ ಅಗೆದರೂ ಫರಸಿಯ ಚಕ್ಕೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಅಲಗು ಹರಳಿಗೆ ತಾಗಿದರೆ ಅದು ಕವಣೆಗಲ್ಲೇ. ಎರಡನೆಯ ವರ್ಷ ಅಂಥದೊಂದು ಹರಳು ಹಾರಿ ನನ್ನ ಕನ್ನಡಕದ ಬಲಗಡೆಯ ಗಾಜನ್ನು ಸೀಳಿತು. ಗಾಜಿನ ಚೂರು ಕೆನ್ನೆಗೆ ಹತ್ತಿ ರಕ್ತ ಬಂದಿತು, ಕಣ್ಣು ಉಳಿಯಿತು. ಎರಡು ದಿನ ರಜೆ ಹಾಕಿ ಮನೆಯಲ್ಲಿ ಕುಳಿತಾಗ, ಕಣ್ಣು ಹೋಗಿದ್ದರೆ ಮಕ್ಕಳ ಕಾಪಿ ಪುಸ್ತಕ ಯಾರು ತಿದ್ದುತ್ತಿದ್ದರೆಂಬ ಯೋಚನೆಯೇ ಸುತ್ತಿ ಸುತ್ತಿ ಬಂದಿತು. ಓದುವ ಕನ್ನಡಕ ರಕ್ಷಣೆಯಲ್ಲ. ಸುತ್ತಲೂ ಮುಚ್ಚುವ, ಒಡೆಯದ ಪ್ಲಾಸ್ಟಿಕಿನ ಕನ್ನಡಕ, ಅದರ ಮೇಲೆ ಮುಖಕ್ಕೆ ಜಾಲರಿ. ಇವಕ್ಕೆ ಕೆಲವು ನೂರು ರೂಪಾಯಿ ಹಿಡಿಯುತ್ತದೆ. ಯಂತ್ರದ ಬೆಲೆ ಕೇಳುವಾಗಲೇ ಇದನ್ನೂ ಕೂಡಿಸಿ ಕೇಳಿರಿ. ಕಿವಿಗೆ ಮುಚ್ಚಳ, ಕಾಲಿಗೆ ಗಟ್ಟಿ ಬೂಟು. ಧೋತರ ಉಟ್ಟು, ಟವಲು ಕೊರಳಿಗೆ ಇಳಿಬಿಟ್ಟು ಇದನ್ನು ಹಿಡಿಯಬಾರದು. ಕೆಲಸ ನಡೆದಿರುವಾಗ 50 ಅಡಿಯೊಳಗೆ ಮನುಷ್ಯರೂ ದನಗಳೂ ಇರಕೂಡದು. ಮಕ್ಕಳು ನೋಡಲು ಓಡಿ ಬರುತ್ತಾರೆ. ಇಂಜಿನು ನಿಲ್ಲಿಸಿ ಕಳಿಸಿರಿ.

ಅಲಗು ಒದೆಯುವ ಸಂಗತಿಯನ್ನು ಗಡಿಯಾರದಿಂದ ಹೇಳಿದರೆ ತಿಳಿದೀತು. ನೀವು ಹಿಡಿದು ನಿಂತಾಗ ಅಲಗನ್ನು ಗಡಿಯಾರದ ಮುಖವೆಂದುಕೊಳ್ಳಿರಿ, ನಿಮ್ಮ ಎದುರಿಗೆ 12. ಸಾಮಾನ್ಯವಾಗಿ ಅಲಗು ಎಡಕ್ಕೆ, ಗಡಿಯಾರದ ವಿರುದ್ಧವಾಗಿ ತಿರುಗುತ್ತದೆ. ಕೊಯ್ಯುವದು ಬಲದಿಂದ ಎಡಕ್ಕೆ, ಅಲಗಿನ ಎಡ ಅಂಚಿನಿಂದ. 12ರಿಂದ 3ರವರೆಗಿನ ಭಾಗ ಗಟ್ಟಿ ಕಂಟಿಗೆ ಅಥವಾ ಕಲ್ಲಿಗೆ ತಾಗಿದರೆ ಇಡೀ ಕೊಳವೆ ಪಕ್ಕಕ್ಕೆ ಸಿಡಿಯುತ್ತದೆ. ಹೊಸಬರು ಬಿದ್ದು ಪೆಟ್ಟು ಮಾಡಿಕೊಳ್ಳುವದು ಇಲ್ಲಿಯೇ.

ದಾರದ ಇನ್ನೊಂದು ಅಪರಾಧ ಹೇಳದೆ ಇರಲಾರೆ. ಮೂರು ವರ್ಷದ ಐದು ಮಾವಿನ ಸಸಿಗಳ ಬುಡದ ಹುಲ್ಲನ್ನು ನಾನೇ ಚೊಕ್ಕಟವಾಗಿ ತೆಗೆದೆ. ನೋಡಲು ಬಹಳ ಅಂದ. ದಾರ ತಾಗಿ ತಾಗಿ ಎಳೆಯ ತೊಗಟೆ ಸುತ್ತಲೂ ಹರಿದಿತ್ತು, ಗಮನಿಸಲಿಲ್ಲ. ಎಲೆಯಲ್ಲಿ ಆದ ಆಹಾರ ಬೇರಿಗೆ ಇಳಿಯುವದು ತೊಗಟೆಯ ದಾರಿಯಿಂದ. ಸುತ್ತಲೂ ಕಿತ್ತರೆ ಬೇರು ಉಪವಾಸ ಬೀಳುತ್ತದೆ. ಬೇಸಿಗೆ ಬರುವಷ್ಟರಲ್ಲಿ ಐದರಲ್ಲಿ ಮೂರು ಒಣಗಿದವು. ಅಂದಿನಿಂದ ಬುಡದ ಸುತ್ತ ಎರಡು ಮೂರು ಅಡಿ ಖುರ್ಪಿಯ ಕೆಲಸ. ಯಂತ್ರಕ್ಕೆ ಅಲ್ಲಿ ಪ್ರವೇಶವಿಲ್ಲ. ಹನಿ ನೀರಾವರಿಯ ಪೈಪುಗಳನ್ನೂ ಮೊದಲು ಸುತ್ತಿ ಎತ್ತಿಡಬೇಕು. ಹುಲ್ಲಿನೊಳಗಿನ ಕರೀ ಪೈಪು ಕಾಣುವದು ತುಂಡಾದ ಮೇಲೆಯೇ.

ಇಷ್ಟರಿಂದ ಒಂದು ಸಂಗತಿ ನಿಮಗೆ ತಿಳಿದಿರಬಹುದು: ಈ ಯಂತ್ರ ಕೊಯ್ಯುತ್ತದೆ, ಕೀಳುವದಿಲ್ಲ. ತೋಪಿನ ಸಾಲುಗಳ ನಡುವೆ ಇದೇ ಅದರ ಗುಣ. ಹುಲ್ಲಿನ ಬೇರು ಉಳಿದು ಮಣ್ಣು ಹಿಡಿಯುತ್ತದೆ, ಕೊಯ್ದ ಹುಲ್ಲು ಹೊದಿಕೆಯಾಗುತ್ತದೆ. ಆದರೆ ತೊಗರಿ ಜೋಳದ ಸಾಲಿನಲ್ಲಿ ಇದೇ ದೋಷ. ಮೇಲೆ ಕೊಯ್ದ ಕರಿಕೆ ಎಂಟು ದಿನಕ್ಕೆ ಚಿಗುರುತ್ತದೆ. ಜೇಕಿಗಂತೂ ನೆಲದೊಳಗೆ ಗಡ್ಡೆ, ಅದು ನಿಮ್ಮ ಪೆಟ್ರೋಲನ್ನು ಕಂಡು ನಗುತ್ತದೆ. ಅಲ್ಲಿ ಎಡೆಕುಂಟೆಗೂ ಖುರ್ಪಿಗೂ ಸಮನಾದದ್ದು ಈ ಯಂತ್ರವಲ್ಲ. ಕಾಂಗ್ರೆಸ್ ಕಸವನ್ನು, ತೆಲುಗರು ವಯ್ಯಾರಿಭಾಮ ಎನ್ನುವದನ್ನು, ಹೂ ಬಿಡುವ ಮುಂಚೆ ಕೈಗವಸು ಹಾಕಿ ಹಸಿ ನೆಲದಲ್ಲಿ ಬೇರುಸಹಿತ ಕೀಳುವದೇ ಮೇಲು. ಹೂವಾದ ಮೇಲೆ ದಾರದಿಂದ ಬಡಿದರೆ ಅದರ ಪುಡಿಯೂ ರಸವೂ ಮೈಮೇಲೆ ಸಿಡಿದು ತುರಿಕೆ, ಉಬ್ಬಸ ತರಬಲ್ಲದು.

ಬದುವಿನ ಮೇಲಿನದೆಲ್ಲ ಕಸವೂ ಅಲ್ಲ. ನಮ್ಮ ಪಸ್ತಾಪುರದಲ್ಲಿಯೇ ಇರುವ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘದ ಹೆಣ್ಣುಮಕ್ಕಳು, ಬಿತ್ತದೆ ಬೆಳೆಯುವ ಸೊಪ್ಪುಗಳನ್ನು ಹೆಸರು ಹಿಡಿದು ಎಣಿಸಿ ದಾಖಲೆ ಮಾಡಿಸಿದ್ದಾರೆ. ಗೋಳಿ, ತಗಚೆ, ಹೊನಗೊನ್ನೆ, ಅಣ್ಣೆ, ಇವು ಮಳೆಗಾಲದ ಬಡವರ ಪಲ್ಯ. ತೆಲುಗರು ಗುನುಗು ಎನ್ನುವ ಆ ಅಣ್ಣೆಯ ಹೂವೇ ಬತುಕಮ್ಮನ ತಟ್ಟೆಗೂ ಬೇಕು. ಭಾದ್ರಪದದಲ್ಲಿ ಯಂತ್ರ ಹಿಡಿದು ಬದು ಬೋಳಿಸಿದವನ ಮನೆಯ ಹೆಣ್ಣುಮಕ್ಕಳು ಹಬ್ಬಕ್ಕೆ ಪರರ ಹೊಲ ಹುಡುಕಬೇಕಾಗುತ್ತದೆ. ನಮ್ಮ ಮನೆಯಲ್ಲಿ ಒಂದು ವರ್ಷ ಹೀಗಾಗಿ ನನಗೆ ಒಳ್ಳೆಯ ಮಾತು ಸಿಕ್ಕಲಿಲ್ಲ. ಇದಕ್ಕಿಂತ ಗಂಭೀರ ವಿಷಯ ಕೂಲಿಯದು. ಆಳು ಸಿಕ್ಕದಾಗ ಯಂತ್ರ ತರುವದು ಬೇರೆ. ಕಸ ತೆಗೆದು ಹೊರೆ ಮೇವನ್ನೂ ಒಯ್ಯುತ್ತಿದ್ದವಳ ಕೈ ತಪ್ಪಿಸಲು ತರುವದು ಬೇರೆ. ನಾನು ಈಗ ತೋಪಿನ ಅರ್ಧವನ್ನು ಕುಡುಗೋಲಿಗೆ ಬಿಟ್ಟಿದ್ದೇನೆ. ಮುದುಕಿ ಮೇವು ಒಯ್ಯುತ್ತಾಳೆ, ನನ್ನ ಪೆಟ್ರೋಲು ಅರ್ಧ ಉಳಿಯುತ್ತದೆ.

ಹಾಗಾದರೆ ಕೊಳ್ಳಬೇಕೇ, ಬೇಡವೇ? ಲೆಕ್ಕ ಹಾಕಿರಿ. ಮನೆಯ ಹಿತ್ತಲು, ಐದಾರು ಗುಂಟೆ ತರಕಾರಿ ಇರುವವರಿಗೆ ಕುಡುಗೋಲೇ ಸಾಕು. ನನ್ನಂತೆ ಒಂದು ಎಕರೆ ತೋಪಿದ್ದರೆ ವರ್ಷಕ್ಕೆ ಮೂರು ಸಲ, ಒಂದೊಂದು ದಿನ, ಒಟ್ಟು ಮೂರು ನಾಲ್ಕು ದಿನದ ಕೆಲಸ. ನಿಮ್ಮ ಊರಲ್ಲಿ ಬಾಡಿಗೆ ದಿನಕ್ಕೆ ಎಷ್ಟೋ ಅದನ್ನು ನಾಲ್ಕರಿಂದ ಗುಣಿಸಿ, ಯಂತ್ರದ ಬೆಲೆಯನ್ನು ಅದರಿಂದ ಭಾಗಿಸಿರಿ. ಬರುವ ಅಂಕಿ ಎಷ್ಟು ವರ್ಷಕ್ಕೆ ಹಣ ತೀರುವದೆಂಬುದು. ಎಂಟು ಹತ್ತು ಸಾವಿರದಿಂದ ಮೂವತ್ತು ಸಾವಿರ ದಾಟುವವರೆಗೆ ಬೆಲೆಗಳಿವೆ. ಒಬ್ಬರೇ ಅಗ್ಗದ್ದು ಕೊಳ್ಳುವದಕ್ಕಿಂತ ನಾಲ್ಕು ಮನೆ ಕೂಡಿ ಒಳ್ಳೆಯದೊಂದು ಕೊಳ್ಳುವದು ಮೇಲು, ಆದರೆ ನಡೆಸುವವನು ಒಬ್ಬನೇ ಇರಲಿ. ನಾವು ಈಗ ಹಾಗೆಯೇ ಮಾಡಿದ್ದೇವೆ. 35 ಸಿಸಿಯ ಫೋರ್ ಸ್ಟ್ರೋಕು, ಕೀಲಿ ಒಬ್ಬನ ಹತ್ತಿರ.

ಸಹಾಯಧನದ ಮಾತನ್ನು ಮಂಡಲದ ಕೃಷಿ ಅಧಿಕಾರಿಗಳಲ್ಲಿ ಕೊಳ್ಳುವ ಮುಂಚೆಯೇ ವಿಚಾರಿಸಿರಿ. 2014-15ರಲ್ಲಿ ಆರಂಭವಾದ ಕೇಂದ್ರದ ಯಾಂತ್ರೀಕರಣ ಯೋಜನೆಯ ನಿಯಮದಂತೆ ಸಣ್ಣ ರೈತರಿಗೆ, ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಶೇಕಡ 50, ಇತರರಿಗೆ 40ರವರೆಗೆ, ಗೊತ್ತುಪಡಿಸಿದ ಮಿತಿಯೊಳಗೆ, ನೆರವು ಉಂಟು. ಯಾವ ಯಂತ್ರಕ್ಕೆ, ಯಾವ ವರ್ಷ ಎಂಬುದು ಬದಲಾಗುತ್ತದೆ. ರಸೀದಿ ಕೈಗೆ ಬಂದ ಮೇಲೆ ಕೇಳಿದರೆ ಪ್ರಯೋಜನವಿಲ್ಲ.

ಅಂಗಡಿಗೆ ಹೋದ ದಿನ, ಜಹೀರಾಬಾದಾಗಲಿ ಬೀದರವಾಗಲಿ, ಡಬ್ಬಿ ಒಡೆಸಿ ಅಲ್ಲಿಯೇ ಚಾಲೂ ಮಾಡಿಸಿರಿ. ಮೆಲ್ಲಗೆ ನಡೆಯುವಾಗ ತಲೆ ತಿರುಗದೆ ನಿಂತಿರಬೇಕು, ತಿರುಗುತ್ತಿದ್ದರೆ ಬೇಡವೆನ್ನಿರಿ. ಹೆಗಲಿಗೆ ಹಾಕಿ ಹತ್ತು ನಿಮಿಷ ನಿಲ್ಲಿರಿ, ಅವಸರ ಮಾಡಲು ಬಿಡಬೇಡಿರಿ. ಗಾಳಿಯ ಜಾಲರಿ, ಎಳೆಯುವ ಹಗ್ಗ, ಪ್ಲಗ್ಗು ಇವು ಬಿಡಿಯಾಗಿ ಅಲ್ಲಿಯೇ ಸಿಕ್ಕುವವೇ, ಬೆಲೆ ಎಷ್ಟೆಂದು ಕೇಳಿರಿ. “ಹೈದರಾಬಾದಿನಿಂದ ತರಿಸಬೇಕು” ಎಂಬ ಉತ್ತರ ಬಂದರೆ ಮುಂದಿನ ಅಂಗಡಿಗೆ ನಡೆಯಿರಿ. ಕೈಪಿಡಿಯನ್ನು ಮರೆಯದೆ ತನ್ನಿರಿ. ಇಂಗ್ಲೀಷೇ ಆಗಿದ್ದರೂ ಚಿಂತೆಯಿಲ್ಲ. ಹೈಸ್ಕೂಲಿಗೆ ಹೋಗುವ ಮಗಳನ್ನು ಕೂಡಿಸಿಕೊಂಡು ಎಣ್ಣೆಯ ಪುಟವನ್ನು ಕನ್ನಡದಲ್ಲಿ ಬರೆಯಿಸಿ, ಪೆಟ್ರೋಲಿನ ಕ್ಯಾನಿಗೆ ಅಂಟಿಸಿರಿ. ನಮ್ಮ ಕ್ಯಾನಿನ ಮೇಲೆ ತಮ್ಮನ ಮಗನೇ ಈಗ ದೊಡ್ಡ ಅಕ್ಷರದಲ್ಲಿ ಬರೆದಿಟ್ಟಿದ್ದಾನೆ.